ಬೋನಿಗೆ ಬೀಳದವುಗಳ ಲೆಕ್ಕ: ಬೀಳಗಿ ಸೀಮೆಯ ಕೃಷಿ ಹೊಂಡವೊಂದರಲ್ಲಿ ಕ್ರೇಫಿಶ್

ದಾಳಿಂಬೆ ತೋಟದ ಡ್ರಿಪ್ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯುವುದು ರೂಢಿ. ಮಾಘ ಕಳೆಯುವ ಹೊತ್ತಿಗೆ ಅದು ಎರಡು ದಿನಕ್ಕೊಮ್ಮೆ ಕಟ್ಟಿಕೊಳ್ಳತೊಡಗಿತು. ಜಾಳಿಗೆಗೆ ಅಂಟಿದ್ದು ಪಾಚಿಯಲ್ಲ, ಕೆಸರೂ ಅಲ್ಲ. ಉಳ್ಳಾಗಡ್ಡಿಯ ಒಣ ಸಿಪ್ಪೆಯಷ್ಟು ತೆಳ್ಳಗಿನ ಚಿಪ್ಪಿನ ಚೂರುಗಳು, ನಡುವೆ ಕೂದಲೆಳೆಯಂಥ ಮೀಸೆ, ಗಂಟುಗಂಟಾದ ಸಣ್ಣ ಕಾಲು. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಮಾಂಸವಿಲ್ಲ, ಬರೀ ಪೊಳ್ಳು. ಸತ್ತ ಪ್ರಾಣಿಯ ಅವಶೇಷ ಹೀಗಿರುವುದಿಲ್ಲ. ಹೊಂಡದಲ್ಲಿ ಯಾವುದೋ ಪ್ರಾಣಿ ಚಿಪ್ಪು ಕಳಚಿ ಬೆಳೆಯುತ್ತಿತ್ತು, ಅದೂ ಒಂದೆರಡಲ್ಲ.

ಈ ಬರಹದ ಹೊಂಡವನ್ನು ಕೆಲಸದ ಮಾದರಿಯಾಗಿ ಕಟ್ಟಿದ್ದೇವೆ, ಅದು ಯಾವ ಒಬ್ಬ ರೈತರದ್ದೂ ಅಲ್ಲ. ಹೊಂಡದ ಅಳತೆ, ಹಿಡಿದ ಪ್ರಾಣಿಗಳ ಎಣಿಕೆ, ಮನೆಯವರ ಮಾತು ಎಲ್ಲ ಆ ಮಾದರಿಗೆ ಸೇರಿದವು. ಪ್ರಾಣಿಯ ಗುಣ, ಗುರುತಿಸುವ ಬಗೆ, ತೆಗೆಯುವ ಕ್ರಮ, ಹೊರದೇಶಗಳ ಅನುಭವ ಇವು ನಿಜವಾದವು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಹೊಂಡಗಳಿಗೆ ಲೆಕ್ಕವಿಲ್ಲ, ಊರೂರಿಗೆ ಬಣ್ಣದ ಮೀನಿನ ಅಂಗಡಿಗಳೂ ಬಂದಿವೆ. ಇಂಥ ದಿನ ಬಂದರೆ ಮೊದಲ ವಾರದಲ್ಲಿ ಏನು ಮಾಡುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಹೊಂಡ ಮೇಲ್ಗಡೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಇಳಿಜಾರು ಒಂದಕ್ಕೊಂದು, ಹಾಗಾಗಿ ತಳ 15 ಮೀಟರ್ ಚೌಕ. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ. ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ನೀರು. ಮಳೆಗಾಲದಲ್ಲಿ ಹೊಲದ ನೀರು ಹೂಳುಗುಂಡಿ ದಾಟಿ ಒಳಬರುತ್ತದೆ, ಬೇಸಿಗೆಯಲ್ಲಿ ಬೋರಿನ ನೀರು. ಹೆಚ್ಚಾದದ್ದು ಹೊರಗಂಡಿಯಿಂದ ಹಳ್ಳಕ್ಕೆ ಇಳಿಯುತ್ತದೆ. ಹಳ್ಳ ಹರಿದು ಸೇರುವುದು ಆಲಮಟ್ಟಿಯ ಹಿನ್ನೀರಿಗೆ.

ಕತ್ತಲಾದ ಮೇಲೆ ಬ್ಯಾಟರಿ ಬಿಟ್ಟು ನೋಡಿದಾಗ ಅಂಚಿನ ಕೆಸರಿನಲ್ಲಿ ಹತ್ತಾರು ಪ್ರಾಣಿಗಳು ಹಿಂದಕ್ಕೆ ಚಿಮ್ಮಿದವು. ಮನೆಯ ಹಿರಿಯರಿಗೆ ದಿಗಿಲು, ನೋಡಲು ಕರೆಸಿದ್ದವರನ್ನು ಕೇಳಿದರು.

“ಸರ, ಇದು ಚೇಳ ಐತೋ, ಸೀಗಡಿ ಐತೋ?”

“ಇಲ್ಲಿ ಯಾರಾದ್ರೂ ಏನರ ತಂದು ಬಿಟ್ಟಿದ್ರೇನ್ರಿ ಯಜಮಾನ್ರ?”

“ಒಂದ ರೀ. ಮೊಮ್ಮಗ ಬಾಗಲಕೋಟಿಂದ ತಂದಿದ್ದ. ಗಾಜಿನ ಪೆಟ್ಟಿಗ್ಯಾಗ ಮೀನಿನ ರೆಕ್ಕಿ ಕಡ್ಯಾಕತ್ತಿತ್ತು ಅಂತ ಹೊಂಡಕ್ಕ ಒಗದ್ವಿ. ಒಂದ ಬಿಟ್ರ ಏನ ಆಕ್ಕೈತಿ ಅಂದ್ವಿ.”

ಒಂದೇ ಒಂದು ಎಂಬ ಮಾತು ಮನೆಯವರಿಗೆ ಸಮಾಧಾನದ್ದು, ಈ ಪ್ರಾಣಿಯನ್ನು ಬಲ್ಲವರಿಗೆ ಅದೇ ಗಾಬರಿಯ ಸುಳಿವು.

ಯಾವುದೆಂದು ಮೊದಲು ತಿಳಿಯಬೇಕು

ಕ್ರೇಫಿಶ್ ಎಂದರೆ ಸೀಗಡಿಯಂಥ ಬಾಲ, ಏಡಿಯಂಥ ದಪ್ಪ ಇಕ್ಕಳ ಇರುವ ಸಿಹಿನೀರಿನ ಜೀವಿ, ಅದು ಭಾರತದ ಪ್ರಾಣಿಯಲ್ಲ. ನಮ್ಮ ಹೊಳೆ ಹಳ್ಳಗಳಲ್ಲಿರುವುದು ಏಡಿ ಮತ್ತು ಸೀಗಡಿ. ಹತ್ತಿರದ ಕಾಡು ಕ್ರೇಫಿಶ್ ಬೇಕೆಂದರೆ ಒಂದು ಕಡೆ ಕೊರಿಯಾ, ಜಪಾನು, ಅಮೂರ್ ನದಿಯ ಸೀಮೆ, ಇನ್ನೊಂದು ಕಡೆ ನ್ಯೂಗಿನಿ, ಆಸ್ಟ್ರೇಲಿಯಾ, ಮತ್ತೊಂದು ಕಡೆ ಕ್ಯಾಸ್ಪಿಯನ್ ಸಮುದ್ರದ ಸೀಮೆ, ಮಡಗಾಸ್ಕರ್ ತನಕ ಹೋಗಬೇಕು. ಆದ್ದರಿಂದ ಇಲ್ಲಿ ನೀರಿನಲ್ಲಿ ಕಂಡ ಕ್ರೇಫಿಶ್ ಮನುಷ್ಯರ ಕೈಯಿಂದ ಬಂದದ್ದು ಎಂಬುದರಲ್ಲಿ ಸಂಶಯ ಬೇಡ. ಅಂಗಡಿಯಲ್ಲಿ ಅದನ್ನು ‘ಲಾಬ್‌ಸ್ಟರ್’ ಎಂದು ಕರೆದು ಮಾರುವುದರಿಂದ ಕೊಂಡವರಿಗೂ ನಿಜವಾದ ಹೆಸರು ಗೊತ್ತಿರುವುದಿಲ್ಲ.

ಸೀಗಡಿಯಿಂದ ಬೇರ್ಪಡಿಸುವುದು ಕಾಲು ಎಣಿಸಿ. ಕ್ರೇಫಿಶ್‌ಗೆ ಮುಂದಿನ ಮೂರು ಜೊತೆ ಕಾಲುಗಳ ತುದಿಯಲ್ಲಿ ಇಕ್ಕಳವಿರುತ್ತದೆ, ಮೊದಲ ಜೊತೆಯೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಹೊಳೆ ಸೀಗಡಿಗೆ ಇಕ್ಕಳ ಇರುವುದು ಎರಡೇ ಜೊತೆಗೆ, ಅದರಲ್ಲಿ ಎರಡನೆಯದು ಉದ್ದ. ಸೀಗಡಿಯ ಮೈ ಎರಡೂ ಬದಿಯಿಂದ ಒತ್ತಿದಂತೆ, ಕ್ರೇಫಿಶ್ಶಿನದು ಮೇಲಿನಿಂದ ಒತ್ತಿದಂತೆ. ಸೀಗಡಿಯ ಹೊಟ್ಟೆಯ ಎರಡನೇ ಬಳೆಯ ಪಕ್ಕದ ಹಲಗೆ ಮೊದಲನೆಯದರ ಮೇಲೂ ಮೂರನೆಯದರ ಮೇಲೂ ಹೊದ್ದಿರುತ್ತದೆ. ಏಡಿಯ ಬಗ್ಗೆ ಗೊಂದಲವೇ ಇಲ್ಲ, ಅದರ ಬಾಲ ಹೊಟ್ಟೆಯಡಿಗೆ ಮಡಚಿಕೊಂಡಿರುತ್ತದೆ.

ಯಾವ ಕ್ರೇಫಿಶ್ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ, ಏಕೆಂದರೆ ಮುಂದಿನ ಕೆಲಸದ ಅಳತೆಯೇ ಅದರ ಮೇಲೆ ಬದಲಾಗುತ್ತದೆ. ಆಸ್ಟ್ರೇಲಿಯಾದ ರೆಡ್‌ಕ್ಲಾ ತಲೆಯ ಮೇಲೆ ನಾಲ್ಕು ಉದ್ದನೆಯ ಏಣುಗಳಿರುತ್ತವೆ, ಬಲಿತ ಗಂಡಿನ ಇಕ್ಕಳದ ಹೊರ ಅಂಚಿನಲ್ಲಿ ಮೆತ್ತನೆಯ ಕೆಂಪು ಪಟ್ಟೆ. ಅದು ಒಂದೇ ಇದ್ದರೆ ಸಂತಾನವಿಲ್ಲ, ಹೆಣ್ಣು ಗಂಡು ಎರಡೂ ಬೇಕು. ಅಮೆರಿಕದ ಕೆಂಪು ಜೌಗು ಕ್ರೇಫಿಶ್‌ನ ಇಕ್ಕಳ ಒರಟು, ಮೇಲೆ ಗುಳ್ಳೆಗಳು, ಬೆನ್ನಚಿಪ್ಪಿನ ಎರಡು ಗೆರೆಗಳು ನಡುವೆ ಬಂದು ಒಂದಕ್ಕೊಂದು ತಾಗುತ್ತವೆ. ಮಾರ್ಬಲ್ ಕ್ರೇಫಿಶ್‌ಗೆ ಆ ಗೆರೆಗಳ ನಡುವೆ ಸಂದು ಇರುತ್ತದೆ, ಮೈಗೆ ಹೋಲಿಸಿದರೆ ಇಕ್ಕಳ ಸಣ್ಣದು, ಬೆನ್ನ ಮೇಲೆ ಹಾಲುಗಲ್ಲಿನಂಥ ಮಚ್ಚೆ. ಅದರಲ್ಲಿ ಇರುವುದು ಹೆಣ್ಣು ಮಾತ್ರ, ಗಂಡಿಲ್ಲದೆಯೇ ಮರಿ ಮಾಡುತ್ತದೆ. ಹೊಂಡದಲ್ಲಿ ಹಿಡಿದ ಮೊದಲ ಹನ್ನೆರಡೂ ಹೆಣ್ಣು. ಹಿಂಗಾಲುಗಳ ನಡುವೆ ಹೆಣ್ಣಿನ ಗುರುತಾದ ಗುಂಡನೆಯ ಉಬ್ಬು ಎಲ್ಲಕ್ಕೂ ಇತ್ತು, ಗಂಡಿನ ಗಟ್ಟಿ ಈಜುಗಾಲು ಒಂದಕ್ಕೂ ಇರಲಿಲ್ಲ. ಹಿಡಿದವೆಲ್ಲ ಹೆಣ್ಣೇ ಆದರೆ ಮಾರ್ಬಲ್ ಎಂದು ಹಿಡಿದು ಕೆಲಸ ಶುರುಮಾಡುವುದೇ ಸುರಕ್ಷಿತ, ಖಾತ್ರಿಯ ವರದಿ ಆಮೇಲೆ ಬರಲಿ.

ಆ ಖಾತ್ರಿಗೆ ಡಿಎನ್‌ಎ ಪರೀಕ್ಷೆ ಬೇಕು. ಒಂದು ನಡೆಗಾಲಿನ ತುಂಡು ಸಾಕು, 95 ಶೇಕಡಾ ಎಥನಾಲಿನಲ್ಲಿ ಮುಳುಗಿಸಿ ತಂಪಾದ ಜಾಗದಲ್ಲಿಡಬೇಕು. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಕೈಗೆ ಮೊದಲು ಸಿಗುವುದು ಫಾರ್ಮಲಿನ್. ಅದರಲ್ಲಿಟ್ಟರೆ ಆಕಾರ ಉಳಿಯುತ್ತದೆ, ಡಿಎನ್‌ಎ ಕೆಡುತ್ತದೆ. ಈ ತಪ್ಪು ಆಗದಿರಲೆಂದೇ ಎರಡು ಡಬ್ಬಿ ಮಾಡಬೇಕು: ಇಡೀ ಪ್ರಾಣಿ ಒಂದರಲ್ಲಿ, ಕಾಲು ಇನ್ನೊಂದರಲ್ಲಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಡಬ್ಬಿಯ ಒಳಗೇ ಹಾಕಬೇಕು, ಪೆನ್ನಿನ ಮಸಿ ಎಥನಾಲಿನಲ್ಲಿ ಅಳಿಸಿಹೋಗುತ್ತದೆ. ಫೋಟೊ ಮೂರು: ಬೆನ್ನು, ಹೊಟ್ಟೆ, ಇಕ್ಕಳದ ಹೊರಬದಿ, ಪ್ರತಿಯೊಂದರಲ್ಲೂ ಪಕ್ಕಕ್ಕೆ ಸ್ಕೇಲು. ಮೀನುಗಾರಿಕೆ ಇಲಾಖೆಗೂ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೂ ಕಳಿಸುವ ಮಾಹಿತಿ ಇದೇ.

ಒಂದರಿಂದ ಸಾವಿರ

ಮಾರ್ಬಲ್ ಕ್ರೇಫಿಶ್ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ 1995ರ ಸುಮಾರಿಗೆ ಕಾಣಿಸಿಕೊಂಡದ್ದು. ಗಂಡಿಲ್ಲದೆ ಮರಿ ಮಾಡುತ್ತದೆ ಎಂಬ ವರದಿ ಪ್ರಕಟವಾದದ್ದು 2003ರಲ್ಲಿ, ಪ್ರೊಕ್ಯಾಂಬರಸ್ ವರ್ಜಿನಾಲಿಸ್ ಎಂಬ ಸ್ವಂತ ಹೆಸರು ಸಿಕ್ಕಿದ್ದು 2017ರಲ್ಲಿ, ಜೀನೋಮ್ ಓದಿದ್ದು 2018ರಲ್ಲಿ. ಫ್ಲಾರಿಡಾ ಕಡೆಯ ಒಂದು ಜಾತಿಯಿಂದ ಹುಟ್ಟಿಕೊಂಡದ್ದು, ಮೂರು ಪ್ರತಿ ಕ್ರೋಮೋಸೋಮುಗಳು, ಒಟ್ಟು 276. ತಾಯಿಯ ಪಡಿಯಚ್ಚೇ ಮಗಳು. ಐದಾರು ತಿಂಗಳಲ್ಲಿ ಮಗಳೂ ತಾಯಿಯಾಗುತ್ತಾಳೆ.

ಹೊಂಡದಿಂದ ತೆಗೆದ ಒಂದು ತಾಯಿಯನ್ನು ಅಂಗೈಯಲ್ಲಿ ಮಲಗಿಸಿ ಬಾಲವನ್ನು ಮೆಲ್ಲಗೆ ಬಿಡಿಸಿದರೆ ಈ ಪ್ರಾಣಿಯ ಶಕ್ತಿ ಏನೆಂದು ತಿಳಿಯುತ್ತದೆ. ಈಜುಗಾಲುಗಳಿಗೆ ಅಂಟು ಎಳೆಗಳಿಂದ ಕಟ್ಟಿದ ಮೊಟ್ಟೆಗಳ ಗೊಂಚಲು. ಒಂದೊಂದೂ ಸಜ್ಜೆ ಕಾಳಿನಷ್ಟು, ಹೊಸದಾಗಿ ಇಟ್ಟಾಗ ಕಪ್ಪುಗಂದು, ಮರಿ ಬೆಳೆದಂತೆ ತಿಳಿಯಾಗಿ ಒಳಗೆ ಎರಡು ಕಪ್ಪು ಕಣ್ಣಿನ ಚುಕ್ಕೆ. ತಾಯಿ ಸುಮ್ಮನಿದ್ದರೂ ಆ ಈಜುಗಾಲುಗಳು ಬೀಸಣಿಗೆಯಂತೆ ಅಲುಗುತ್ತಲೇ ಇರುತ್ತವೆ, ಮೊಟ್ಟೆಗೆ ಗಾಳಿ ಸಿಗಲೆಂದು. ಚಿಕ್ಕ ತಾಯಿಯಲ್ಲಿ ನೂರರ ಆಸುಪಾಸು, ದೊಡ್ಡದರಲ್ಲಿ ನಾಲ್ಕು ನೂರಕ್ಕೂ ಮಿಕ್ಕಿ. ಬೆಚ್ಚಗಿನ ನೀರಿನಲ್ಲಿ ಮೂರು ನಾಲ್ಕು ವಾರಕ್ಕೆ ಒಡೆದು ಮರಿಗಳಾಗುತ್ತವೆ, ಎರಡು ಸಲ ಚಿಪ್ಪು ಕಳಚುವವರೆಗೆ ತಾಯಿಯ ಬಾಲಕ್ಕೇ ಜೋತಿರುತ್ತವೆ. ಬೇರೆಯಾದಾಗ ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ.

ಲೆಕ್ಕ ಸರಳ. ಒಂದು ತಾಯಿ, 200 ಮರಿ, ಅರ್ಧ ಸತ್ತವೆನ್ನಿ, 100 ಉಳಿದವು. ಅವು ತಾಯಿಯಾಗಿ ತಲಾ 200 ಇಟ್ಟು, ಅದರಲ್ಲೂ ಅರ್ಧ ಸತ್ತರೆ 10,000. ನಿಜದ ಹೊಂಡದಲ್ಲಿ ಇಷ್ಟು ಆಗುವುದಿಲ್ಲ, ಮೇವು ಸಾಲದು, ಒಂದನ್ನೊಂದು ತಿನ್ನುತ್ತವೆ, ಬೆಳ್ಳಕ್ಕಿ ಆರಿಸಿಕೊಳ್ಳುತ್ತದೆ. ಆದರೂ ಒಂದು ಪ್ರಾಣಿಯಿಂದ ವರ್ಷದೊಳಗೆ ಸಾವಿರ ದಾಟುವುದರಲ್ಲಿ ಅಚ್ಚರಿಯಿಲ್ಲ. ಮಡಗಾಸ್ಕರಿನಲ್ಲಿ ಅಂತಾನನರಿವೊ ನಗರದ ಸುತ್ತ ಕಂಡದ್ದು 2007ರ ಹೊತ್ತಿಗೆ. ಹತ್ತು ವರ್ಷದಲ್ಲಿ ಅದು ಹಬ್ಬಿದ ಪ್ರದೇಶ ನೂರು ಪಟ್ಟಾಗಿತ್ತು. ಹಬ್ಬಿಸಿದ್ದು ಜನರೇ. ಅಗ್ಗದ ಆಹಾರವೆಂದು ಸಂತೆಯಲ್ಲಿ ಜೀವಂತ ಮಾರಿದರು, ಗದ್ದೆಯಿಂದ ಗದ್ದೆಗೆ ಒಯ್ದರು. ಬೀಳಗಿಯ ಹೊಂಡದ ಪ್ರಾಣಿಯನ್ನು ಯಾರೂ ಜೀವಂತ ಮನೆಗೆ ಒಯ್ಯಬಾರದೆಂದು ಮೊದಲ ದಿನವೇ ಹೇಳುವುದು ಇದಕ್ಕೇ. ಒಂದು ಬಕೆಟ್ ಊರಿನ ಇನ್ನೊಂದು ಬಾವಿಗೆ ಹೋದರೆ ಅಲ್ಲಿಯೂ ಇದೇ ಕತೆ.

ಎಣ್ಣಿ ಹಾಕಬೇಡಿ

ಮನೆಯವರ ಮೊದಲ ಮಾತು ನಿರೀಕ್ಷಿಸಿದ್ದೇ: “ಒಂದ್ ಬಾಟ್ಲಿ ಎಣ್ಣಿ ಸುರದ್ರ ಮುಗೀತಲ್ರಿ?” ಹೊಲಕ್ಕೆ ಹೊಡೆಯುವ ಕೀಟನಾಶಕಗಳಲ್ಲಿ ಪೈರಿಥ್ರಾಯ್ಡ್ ಗುಂಪಿನವು ಕ್ರೇಫಿಶ್ಶನ್ನು ಕೊಲ್ಲುತ್ತವೆ, ನಿಜ. ಯುರೋಪಿನ ಕೆಲವು ಕಡೆ ಸರ್ಕಾರಿ ಸಂಸ್ಥೆಗಳು ಮುಚ್ಚಿದ ಕೊಳಗಳಲ್ಲಿ ಆ ಜಾತಿಯ ಔಷಧವನ್ನು ತಜ್ಞರ ಕೈಯಿಂದ ಬಳಸಿಯೂ ಇವೆ. ಆದರೆ ಅದಕ್ಕೆ ಕ್ರೇಫಿಶ್ಶೂ ಏಡಿಯೂ ಸೀಗಡಿಯೂ ಒಂದೇ, ಮೀನಿಗಂತೂ ಕಡುವಿಷ. ಇಲ್ಲಿ ಇದೇ ನೀರು ದಾಳಿಂಬೆಗೆ ಹೋಗುತ್ತದೆ, ದನ ಕುಡಿಯುತ್ತವೆ, ಮಳೆ ಬಂದರೆ ಹಳ್ಳಕ್ಕಿಳಿಯುತ್ತದೆ. ಕ್ರೇಫಿಶ್ ಹಳ್ಳಕ್ಕಿಳಿದು ಅಲ್ಲಿನ ಏಡಿಯ ಮೇವು, ಜಾಗ ಕಸಿಯದಿರಲೆಂದು ಮಾಡುವ ಕೆಲಸದಲ್ಲಿ ಹಳ್ಳದ ಏಡಿಯನ್ನೇ ಕೊಲ್ಲುವ ದಾರಿ ಹಿಡಿಯಬಾರದು. ನಮ್ಮ ಮಟ್ಟಿಗೆ ಇದರಲ್ಲಿ ರಾಜಿಯಿಲ್ಲ.

ಈ ಹೊಂಡಕ್ಕೆ ಒಂದು ಅನುಕೂಲವಿತ್ತು: ಅದು ಒಂಟಿ. ಬೇಸಿಗೆಯಲ್ಲಿ ಯಾವ ಹರಿವಿಗೂ ಸೇರಿಲ್ಲ, ತಳಕ್ಕೆ ಹಾಳೆಯಿರುವುದರಿಂದ ಆಳಕ್ಕೆ ಬಿಲ ತೋಡಲಾಗದು. ಬ್ರಿಟನ್ನಿನಲ್ಲಿ ತಮ್ಮ ನೆಲದ ಬಿಳಿ ಇಕ್ಕಳದ ಕ್ರೇಫಿಶ್ಶನ್ನು ಉಳಿಸಲು ಹೊಳೆಗೆ ಸಂಬಂಧವಿಲ್ಲದ ಹಳೇ ಕಲ್ಲುಗಣಿ, ಕೊಳಗಳನ್ನು ಆರಿಸಿ ಅಲ್ಲಿಗೆ ಒಯ್ದು ಬಿಡುತ್ತಾರೆ. 1970ರ ದಶಕದಲ್ಲಿ ಸಾಕಣೆಗೆ ತಂದ ಅಮೆರಿಕ ಮೂಲದ ಸಿಗ್ನಲ್ ಕ್ರೇಫಿಶ್ಶೂ ಅದು ಹೊತ್ತು ತಂದ ಅಫನೋಮೈಸಿಸ್ ಎಂಬ ಬೂಷ್ಟುರೋಗವೂ ಆ ನೀರಿಗೆ ತಲುಪದಿರಲೆಂದು. ಅಲ್ಲಿ ಒಳ್ಳೆಯದನ್ನು ಕಾಯುವ ಒಂಟಿತನವೇ ಇಲ್ಲಿ ಕೆಟ್ಟದ್ದನ್ನು ಕಟ್ಟಿಹಾಕಲು ಒದಗಿತು. ಹೊರಗಂಡಿಯಲ್ಲಿ ನೀರು ಹರಿಯುವ ಮುಂಚೆ ಕೆಲಸ ಮುಗಿಯಬೇಕು, ಅಷ್ಟೇ. ಬಾಗಲಕೋಟೆ ಸೀಮೆಯಲ್ಲಿ ಹೊಂಡ ತುಂಬಿ ಹರಿಯುವ ಜೋರು ಮಳೆ ಹೆಚ್ಚಾಗಿ ಉತ್ತರಿ, ಹಸ್ತದ ಹೊತ್ತಿಗೆ. ಆದರೂ ರೋಹಿಣಿಯೇ ಗಡುವು ಎಂದಿಟ್ಟುಕೊಂಡರೆ ಮನಸ್ಸಿಗೆ ನೆಮ್ಮದಿ.

ಬೋನು ಹೇಳುವ ಸುಳ್ಳು

ಮೊದಲು ಬೋನಿಟ್ಟು ನೋಡಿದರು. ಹನ್ನೆರಡು ಬೋನು, ಮೂರು ರಾತ್ರಿ. ಬಾಯಿ 5 ಸೆಂಟಿಮೀಟರಿನ ಲಾಳಿಕೆಯಾಕಾರ, ಜಾಳಿಗೆಯ ಕಣ್ಣು 1 ಸೆಂಟಿಮೀಟರ್, ಒಳಗೆ ಮೀನಿನ ತಲೆ. ಸಂಜೆ ಇಟ್ಟು ಬೆಳಿಗ್ಗೆ ಎತ್ತಬೇಕು, ಪ್ರಾಣಿ ಓಡಾಡುವುದು ರಾತ್ರಿ. ಬೋನಿನ ಒಂದು ತುದಿ ನೀರಿನ ಮೇಲೆ ನಾಲ್ಕು ಬೆರಳು ಏಳುವಂತೆ ಕಟ್ಟಬೇಕು, ಇಲ್ಲದಿದ್ದರೆ ಒಳಹೊಕ್ಕ ಕಪ್ಪೆ, ಆಮೆ, ನೀರುಹಾವು ಉಸಿರಿಲ್ಲದೆ ಸಾಯುತ್ತವೆ. ಇದನ್ನು ಮರೆಯುವವರೇ ಹೆಚ್ಚು.

ಮೂರು ರಾತ್ರಿಗೆ 38 ಸಿಕ್ಕವು. ಮೊದಲ ರಾತ್ರಿ 21, ಎರಡನೇ ರಾತ್ರಿ 11, ಮೂರನೇ ರಾತ್ರಿ 6. ಮನೆಯವರಿಗೆ ಖುಷಿ, ಮುಗಿಯುತ್ತಾ ಬಂತೆಂದು. ಇಂಥ ಇಳಿಯುವ ಎಣಿಕೆಯೇ ಮೋಸ ಮಾಡುವುದು. ಬಿದ್ದವೆಲ್ಲ 6 ಸೆಂಟಿಮೀಟರಿಗಿಂತ ಉದ್ದದವು, ಮೊಟ್ಟೆ ಹೊತ್ತದ್ದು ಒಂದೂ ಇರಲಿಲ್ಲ. ಮೊಟ್ಟೆಯ ತಾಯಿ ಮೇವಿಗೆ ಹೊರಡುವುದು ಕಡಿಮೆ, ಸಂದಿಯಲ್ಲಿ ಅವಿತಿರುತ್ತದೆ. ಮರಿ ಒಳಹೊಕ್ಕರೂ ಜಾಳಿಗೆಯಿಂದ ಹೊರಗೆ. ದೊಡ್ಡದು ಬೋನಿನಲ್ಲಿದ್ದರೆ ಸಣ್ಣದು ಹತ್ತಿರವೂ ಬರುವುದಿಲ್ಲ. ಬೋನು ಖಾಲಿ ಎಂದರೆ ಹೊಂಡದ ದೊಡ್ಡ, ಹಸಿದ ಪ್ರಾಣಿಗಳು ಕಡಿಮೆಯಾದವು ಎಂದಷ್ಟೇ ಅರ್ಥ. ಅದರಿಂದ ಮರಿಗಳಿಗೆ ಮೇವೂ ಜಾಗವೂ ಹೆಚ್ಚಿತು ಎಂದೂ ಅರ್ಥ.

ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಸಣ್ಣ ತೊರೆಯಲ್ಲಿ ಸಿಗ್ನಲ್ ಕ್ರೇಫಿಶ್ ಬಗ್ಗೆ ಮಾಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕಣ್ಣು ತೆರೆಸುವ ಉತ್ತರ ಕೊಟ್ಟಿತು. ತೊರೆಯ ತುಂಡನ್ನು ಅಡ್ಡಗಟ್ಟಿ, ನೀರನ್ನು ಪಂಪಿನಿಂದ ಮೂರು ಸಲ ಬಸಿದು, ಕಲ್ಲು ಕಲ್ಲು ಎತ್ತಿ ಹೆಕ್ಕಿದರು. ಮಾಮೂಲಿ ಬೋನಿಗೆ ಬೀಳುವಷ್ಟು ದೊಡ್ಡವು ಒಟ್ಟು ಸಂಖ್ಯೆಯ ಶೇಕಡಾ 2.3 ಮಾತ್ರ. ನೂರರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಬೋನಿನ ಲೆಕ್ಕದಿಂದಲೇ ಹೊರಗೆ. ಬೇರೆ ಜಾತಿ, ಬೇರೆ ನೀರು, ಆದರೆ ಬೋನಿನ ಕುರುಡು ಎಲ್ಲೆಡೆ ಒಂದೇ.

ಮರಿ, ತಾಯಿ ಎಲ್ಲ ಸಿಗಬೇಕೆಂದರೆ ಮೇವಿಲ್ಲದ ಅಡಗುತಾಣ ಕೊಡಬೇಕು. ತೋಟದ ಮೂಲೆಯಲ್ಲಿ ಬಿದ್ದ ಪಿವಿಸಿ ಪೈಪಿನ ತುಂಡುಗಳೇ ಸಾಕು: 16, 25, 40 ಮಿಲಿಮೀಟರ್ ಬಾಯಿಯವು, ತಲಾ 20 ಸೆಂಟಿಮೀಟರ್ ಉದ್ದ, ಒಂದು ತುದಿ ಮುಚ್ಚಿ, ಏಳೆಂಟನ್ನು ತಂತಿಯಿಂದ ಕಟ್ಟಿ ಒಂದು ಕಲ್ಲು ಸೇರಿಸಿ ತಳಕ್ಕೆ ಬಿಡುವುದು. ವಾರಕ್ಕೊಮ್ಮೆ ಬಾಯಿ ಮೇಲಾಗಿ ಎತ್ತಿ ಬಿಳಿ ಟಬ್ಬಿಗೆ ಕವುಚಬೇಕು. ಹತ್ತು ಕಟ್ಟು ಇಟ್ಟ ಮೊದಲ ವಾರವೇ ಮೊಟ್ಟೆ ಹೊತ್ತ ತಾಯಿಗಳು ಒಂಬತ್ತು ಬಂದವು, 16ರ ಪೈಪುಗಳಲ್ಲಿ ಬೆರಳಿನ ಗೆಣ್ಣಿನಷ್ಟು ಮರಿಗಳು.

ಬಸಿಯುವುದು, ಒಣಗಿಸುವುದು

ಚೈತ್ರದ ಮೊದಲಿಗೆ ನೀರು 1.2 ಮೀಟರಿಗೆ ಇಳಿದಿತ್ತು, ಅಂದರೆ ಸುಮಾರು 3.15 ಲಕ್ಷ ಲೀಟರ್. ಗಂಟೆಗೆ 30 ಸಾವಿರ ಲೀಟರ್ ಎತ್ತುವ ಮೋಟರಿಗೆ ಹತ್ತೂವರೆ ತಾಸಿನ ಕೆಲಸ. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ತಾಸು ಎಂದರೆ ಎರಡು ದಿನ. ಆದರೆ ಮೋಟರ್ ಚಾಲೂ ಮಾಡುವ ಮುಂಚೆ ಮಾಡುವ ಕೆಲಸವೇ ಮುಖ್ಯ.

ಮೊದಲು ಬೇಲಿ. ನೀರು ಇಳಿಯತೊಡಗಿದರೆ ಕ್ರೇಫಿಶ್ ರಾತ್ರಿ ಹೊರಬಂದು ನಡೆಯುತ್ತದೆ, ಕಿವಿರು ಒದ್ದೆಯಿರುವಷ್ಟು ಹೊತ್ತು ನೆಲದ ಮೇಲೂ ಬದುಕುತ್ತದೆ. ಹೊಂಡದ ಸುತ್ತ ನುಣುಪು ಪ್ಲಾಸ್ಟಿಕ್ ಹಾಳೆಯನ್ನು ಅರ್ಧ ಮೀಟರ್ ಎತ್ತರಕ್ಕೆ, ಒಳಕ್ಕೆ ತುಸು ವಾಲಿಸಿ, ಬುಡವನ್ನು ಒಂದು ಗೇಣು ಮಣ್ಣಿನಲ್ಲಿ ಹೂತು ಕಟ್ಟಬೇಕು. ದನಗಳ ದಾರಿಗೆಂದು ಒಂದು ಕಡೆ ತೆರೆದಿಟ್ಟರೆ ಇಡೀ ಬೇಲಿ ವ್ಯರ್ಥ. ಹಗ್ಗ ಕಟ್ಟಿದ ಜಾಗ, ಪೈಪು ಹಾದ ಜಾಗ ಇವನ್ನೂ ನೋಡಬೇಕು, ಒರಟು ಹಗ್ಗ ಅವುಗಳಿಗೆ ಏಣಿ.

ಎರಡನೆಯದು ಫುಟ್‌ವಾಲ್ವ್, ಅಂದರೆ ಮೋಟರ್ ನೀರು ಹೀರುವ ಪೈಪಿನ ತುದಿಯ ಕವಾಟ. ಅದರ ಸುತ್ತ 1 ಮಿಲಿಮೀಟರ್ ಕಣ್ಣಿನ ನೈಲಾನ್ ಜಾಳಿಗೆ ಬೇಕು. ನೇರ ಫುಟ್‌ವಾಲ್ವಿಗೇ ಸುತ್ತಿದರೆ ಕಾಲು ತಾಸಿನಲ್ಲಿ ಪಾಚಿ ಕಟ್ಟಿ ಮೋಟರ್ ಗಾಳಿ ಹಿಡಿಯುತ್ತದೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ತುಂಬ ತೂತು ಕೊರೆದು, ಹೊರಗೆ ಜಾಳಿಗೆ ಸುತ್ತಿ, ಅದರೊಳಗೆ ಫುಟ್‌ವಾಲ್ವ್ ಇಳಿಸಿದರೆ ನೀರು ಹೀರುವ ಮೈ ಹೆಚ್ಚಿ ಎಳೆತ ಸೌಮ್ಯವಾಗುತ್ತದೆ. ಒಬ್ಬರು ಮೆತ್ತನೆಯ ಬ್ರಷ್ ಹಿಡಿದು ಆಗಾಗ ಉಜ್ಜುತ್ತಿರಬೇಕು.

ಬಸಿದ ನೀರು ಹಳ್ಳದ ಕಡೆ ಹೋಗಕೂಡದು. ಹಳ್ಳದಿಂದ ದೂರದ ಉತ್ತ ಹೊಲಕ್ಕೆ, ಸುತ್ತ ಒಡ್ಡು ಹಾಕಿ, ನೆಲ ಕುಡಿದುಕೊಳ್ಳುವಷ್ಟೇ ಬಿಡಬೇಕು. ನೀರು ಮೊಳಕಾಲಿಗೆ ಬಂದಾಗ ಮೋಟರ್ ನಿಲ್ಲಿಸಿ, ಕೈಬಲೆ ಹಿಡಿದು ನಾಲ್ಕು ಜನ ಇಳಿದರು. ಗಾದಿಯಷ್ಟು ದಪ್ಪ ಹೂಳು, ಅದರಲ್ಲಿ ಕಾಲಿಟ್ಟಲ್ಲೆಲ್ಲ ಚಿಮ್ಮುವ ಮರಿ. ಹಾಳೆ ಮಡಿಕೆ ಬಿದ್ದ ಮೂಲೆಗಳಲ್ಲಿ ಬೆರಳು ಹಾಕಿ ಬಿಡಿಸಿದರೆ ಒಂದೊಂದು ಮಡಿಕೆಯಲ್ಲೂ ಐದಾರು. ಮೊದಲ ದಿನಕ್ಕೇ ಎರಡು ಬಕೆಟ್ ತುಂಬಿತು, ಬಹುಪಾಲು 2 ಸೆಂಟಿಮೀಟರಿನ ಒಳಗಿನವು. ಬೋನಿನ 38 ಯಾವ ಮೂಲೆಗೆ?

ಹಿಡಿದದ್ದನ್ನು ಬಿಸಿಲಿಗೆ ಚೆಲ್ಲಿ ಒದ್ದಾಡಿಸಬಾರದು. ಈ ಪ್ರಾಣಿ ತಾನಾಗಿ ಬಂದದ್ದಲ್ಲ, ಅದಕ್ಕೂ ನೋವಿದೆ. ಬ್ರಿಟನ್ನಿನ 2022ರ ಪ್ರಾಣಿ ಕಾಯ್ದೆ ಏಡಿ, ಕ್ರೇಫಿಶ್‌ಗಳನ್ನು ನೋವರಿಯುವ ಜೀವಿಗಳೆಂದೇ ಒಪ್ಪಿದೆ. ಎರಡು ಪಾಲು ಬರ್ಫ, ಒಂದು ಪಾಲು ನೀರು ಕಲಸಿದ ಬಕೆಟ್ಟಿನಲ್ಲಿ ಮುಳುಗಿಸಿ, ಮುಟ್ಟಿದರೂ ಅಲುಗದಷ್ಟು ಮರಗಟ್ಟಿದ ಮೇಲೆ ಫ್ರೀಜರಿನಲ್ಲಿ ಎರಡು ದಿನ, ಆಮೇಲೆ ಒಂದು ಮೀಟರ್ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು. ಬೇಯಿಸಿ ತಿನ್ನಬಾರದೇ ಎಂದು ಕೇಳುವವರಿದ್ದಾರೆ. ತಿಂದರೆ ರುಚಿ ಹತ್ತುತ್ತದೆ, ರುಚಿ ಹತ್ತಿದರೆ ಸಾಕುವ ಆಸೆ ಹುಟ್ಟುತ್ತದೆ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ಮಡಗಾಸ್ಕರ್ ತೋರಿಸಿದೆ.

ನೀರು ಪೂರಾ ತೆಗೆದ ಮೇಲೆ ಹೂಳನ್ನು ಸಲಿಕೆ, ಬುಟ್ಟಿಯಲ್ಲಿ ಎತ್ತಿ ಬೇಲಿಯ ಒಳಗೇ ತೆಳುವಾಗಿ ಹರಡಿದರು. ಹೂಳನ್ನು ಕೂಡಲೇ ತೋಟಕ್ಕೆ ಗೊಬ್ಬರವೆಂದು ಹೊತ್ತರೆ ಮರಿಗಳೂ ಜೊತೆಗೆ ಹೋಗುತ್ತವೆ. ಬಿರುಕು ಬಿಟ್ಟು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ತನಕ ಒಣಗಬೇಕು. ತಳದಲ್ಲಿ ಉಳಿದ ಹಸಿ ಜಾಗಕ್ಕೆ, ಸಣ್ಣ ಮಡುಗಳಿಗೆ ಸುಣ್ಣ: ಚದರ ಮೀಟರಿಗೆ 200 ಗ್ರಾಂ ಲೆಕ್ಕದಲ್ಲಿ 225 ಚದರ ಮೀಟರಿಗೆ 45 ಕಿಲೋ. ಇಲ್ಲಿ ಕೆಡುವುದು ಎರಡು. ಸುಡುಸುಣ್ಣದ ಹೆಂಟೆಯನ್ನು ಹಾಗೇ ಒಗೆದರೆ ನೀರು ತಾಗಿ ಕಾಯ್ದು ಪ್ಲಾಸ್ಟಿಕ್ ಹಾಳೆಯನ್ನೇ ಕೆಡಿಸಬಹುದು. ಹೊರಗೆ ಅರಳಿಸಿ, ಆರಿದ ಮೇಲೆ ಹಾಲಿನಂತೆ ಕಲಸಿ ಸುರಿಯಬೇಕು. ಇನ್ನೊಂದು, ಒಣ ಹೂಳಿನ ಮೇಲೆ ಉದುರಿಸಿದ ಸುಣ್ಣ ಏನೂ ಮಾಡದು, ತೇವವಿದ್ದಲ್ಲಿ ಪಿಎಚ್ 11ರ ಮೇಲೆ ಏರಿದರೆ ಮಾತ್ರ ಪರಿಣಾಮ. ಪಿಎಚ್ ಕಾಗದದಿಂದ ಮೂರು ದಿನ ಪರೀಕ್ಷಿಸಬೇಕು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಯಾರೂ ಇಳಿಯಬಾರದು.

ಬಿಸಿಲಿಗೇ ಎಲ್ಲ ಸಾಯುತ್ತವೆ ಎಂದು ಏಳು ದಿನಕ್ಕೆ ಮುಗಿಸುವ ಅವಸರ ಬೇಡ. ಹೊರಗೆ 40 ಡಿಗ್ರಿ ಇದ್ದರೂ ಹಾಳೆಯ ಮಡಿಕೆಯಡಿ, ಹೂಳಿನ ಕೆಳಪದರದಲ್ಲಿ ತಂಪು ತೇವ ಉಳಿದಿರುತ್ತದೆ. ಹಾಳೆ ಹರಿದ ಜಾಗಗಳನ್ನು ಎತ್ತಿ ಅಡಿಗೂ ನೋಡಬೇಕು. ಈ ಹೊಂಡದಲ್ಲಿ ಹದಿನೆಂಟನೇ ದಿನ, ಹೂಳುಗುಂಡಿಯ ಕಲ್ಲಿನಡಿ ಒಂದು ಜೀವಂತ ಸಿಕ್ಕಿತು. ಹೂಳುಗುಂಡಿಯನ್ನು ಯಾರೂ ಹೊಂಡದ ಭಾಗವೆಂದು ಎಣಿಸಿರಲಿಲ್ಲ. ಬೋನಿನ ಸುಳ್ಳನ್ನು ತಿಳಿದ ಮೇಲೂ ಆದ ತಪ್ಪು ಅದು. ಗುಂಡಿಯನ್ನೂ ಬರಿದು ಮಾಡಿ ಒಟ್ಟು ನಲವತ್ತು ದಿನ ಒಣಗಿಸಿದರು.

ಹಳ್ಳದ ಕಡೆ

ಹೊಂಡದಷ್ಟೇ ಮುಖ್ಯ ಹೊರಗಿನ ವಿಚಾರಣೆ. ಪ್ರಾಣಿ ಬಿಟ್ಟ ಮೇಲೆ ಹೊರಗಂಡಿಯಲ್ಲಿ ನೀರು ಹರಿದಿತ್ತೇ? ಟ್ಯಾಂಕರಿನಲ್ಲಿ ಯಾರಾದರೂ ನೀರು ಒಯ್ದರೇ? ಹುಡುಗರು ಬಾಟಲಿಯಲ್ಲಿ ಹಿಡಿದುಕೊಂಡು ಹೋದರೇ? ಬೈದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಶಾಲೆಯಲ್ಲಿ ಫೋಟೊ ತೋರಿಸಿ ಸಮಾಧಾನದಿಂದ ಕೇಳಿದರೆ ಮಕ್ಕಳೇ ಹೇಳುತ್ತಾರೆ.

ಹಳ್ಳದಲ್ಲಿ ಹೊರಗಂಡಿಯ ಮೇಲಕ್ಕೆ 200 ಮೀಟರ್, ಕೆಳಕ್ಕೆ 500 ಮೀಟರ್ ನಡೆದು, 50 ಮೀಟರಿಗೊಂದು ಕಡೆ ಹತ್ತು ಕಲ್ಲು ಎತ್ತಿ ನೋಡಿದರು, ಅದೇ ಜಾಗಗಳನ್ನು ರಾತ್ರಿ ಬ್ಯಾಟರಿ ಹಿಡಿದು ಮತ್ತೊಮ್ಮೆ. ಕಲ್ಲನ್ನು ಕೆಳಗಿನ ನೀರಿನ ಕಡೆಯಿಂದ ಎತ್ತಬೇಕು, ಕೆಸರು ಹರಿದು ಹೋಗಿ ಅಡಿಯಲ್ಲಿದ್ದದ್ದು ಕಾಣುತ್ತದೆ. ನೋಡಿದ ಮೇಲೆ ಅದೇ ಮಗ್ಗುಲಿಗೆ ಅದೇ ಕುಳಿಯಲ್ಲಿ ಕೂರಿಸಬೇಕು. ಕ್ರೇಫಿಶ್ ಸಿಗಲಿಲ್ಲ. ಸಿಕ್ಕಿದ್ದು ನಮ್ಮದೇ ಏಡಿಗಳು. ಒಂದರ ಹೊಟ್ಟೆಯ ಮಡಿಕೆ ತುಸು ತೆರೆದಿತ್ತು, ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿ ಏಡಿಗಳು ಒತ್ತೊತ್ತಾಗಿ ಕೂತಿದ್ದವು. ಸಿಹಿನೀರಿನ ಏಡಿಗೆ ಕಡಲ ಏಡಿಯಂತೆ ನೀರಲ್ಲಿ ತೇಲುವ ಮರಿಹಂತವಿಲ್ಲ. ಮೊಟ್ಟೆಯಿಂದಲೇ ಪುಟ್ಟ ಏಡಿಯಾಗಿ ಹೊರಬಂದು ತಾಯಿಯ ಮಡಿಲಲ್ಲಿ ಕೆಲದಿನ ಇರುತ್ತದೆ. ದೂರಕ್ಕೆ ಹರಡುವ ಶಕ್ತಿ ಇಲ್ಲದ್ದರಿಂದ ಒಂದು ಹಳ್ಳದಿಂದ ಅಳಿದರೆ ಮರಳಿ ಬರುವುದು ನಿಧಾನ. ಕಲ್ಲಿನ ಸಂದಿ, ಬಸವನಹುಳು, ಕೊಳೆತ ಎಲೆ ಇವೇ ಕ್ರೇಫಿಶ್‌ಗೂ ಬೇಕು, ಮರಿ ಏಡಿಯೂ ಅದಕ್ಕೆ ಮೇವು. ಅಮೆರಿಕದ ಕ್ರೇಫಿಶ್‌ಗಳು ಹೊರುವ ಬೂಷ್ಟುರೋಗ ಸಿಹಿನೀರಿನ ಏಡಿಗಳಿಗೂ ತಗಲಬಲ್ಲದು, ಸೀಗಡಿಗಳನ್ನು ಕೊಲ್ಲುವ ಬಿಳಿಚುಕ್ಕೆ ವೈರಸ್ಸನ್ನೂ ಆ ಕ್ರೇಫಿಶ್ಶುಗಳು ಹೊರಬಲ್ಲವು.

ಆದ್ದರಿಂದ ಹೊಂಡದಲ್ಲಿ ಇಳಿದ ಬೂಟು, ಬಲೆಗಳನ್ನು ಹಳ್ಳಕ್ಕೆ ಒಯ್ಯಬಾರದು. ಒಂದೇ ಜೊತೆ ಇದ್ದರೆ ಮೊದಲು ಹಳ್ಳ, ಆಮೇಲೆ ಹೊಂಡ. ಕೆಸರು ತೊಳೆದು, ಎಳೆ ಎಳೆ ಬಿಡಿಸಿ, ಎರಡು ದಿನ ಕಟ್ಟಿಗೆಯಂತೆ ಒಣಗಿದ ಮೇಲಷ್ಟೇ ಮತ್ತೆ ಬಳಕೆ. ಆ ಬೂಷ್ಟಿನ ಬೀಜಕಣಗಳು ಪೂರಾ ಒಣಗಿದರೆ ಉಳಿಯುವುದಿಲ್ಲ.

ಕ್ರೇಫಿಶ್ಶನ್ನು ದ್ವೇಷಿಸುವ ಕಾರಣ ಇದರಲ್ಲಿಲ್ಲ. ಅದರ ಜಾತಿಗಳಲ್ಲಿ ಮೂರನೇ ಒಂದು ಪಾಲಿನಷ್ಟು ತಮ್ಮ ತಮ್ಮ ನೆಲದಲ್ಲೇ ಅಳಿವಿನ ಅಂಚಿನಲ್ಲಿವೆ. ಟಾಸ್ಮೇನಿಯಾದ ದೈತ್ಯ ಕ್ರೇಫಿಶ್‌ನ ಹೆಣ್ಣು ತಾಯಿಯಾಗಲು ಸುಮಾರು ಹದಿನಾಲ್ಕು ವರ್ಷ ಬೇಕು, 1998ರಿಂದ ಅದನ್ನು ಹಿಡಿಯುವಂತಿಲ್ಲ. ಯುರೋಪಿನ ಕ್ರೇಫಿಶ್‌ಗಳನ್ನು ಬೂಷ್ಟುರೋಗ ಸವರಲು ಶುರುವಾದದ್ದು 1859-60ರಲ್ಲಿ ಇಟಲಿಯಿಂದ, ಇವತ್ತಿಗೂ ನಿಂತಿಲ್ಲ. ಅಲ್ಲಿ ಅವರು ತಮ್ಮದನ್ನು ಯಾವುದರಿಂದ ಕಾಯುತ್ತಿದ್ದಾರೋ ಅದರಿಂದಲೇ ಇಲ್ಲಿ ಏಡಿಯನ್ನು ಕಾಯಬೇಕಾಗಿದೆ.

ನೀರು ಮತ್ತೆ ತುಂಬಿದ ಮೇಲೆ

ರೋಹಿಣಿಗೆ ಐದು ದಿನ ಮುಂಚೆ ಹಾಳೆ ತೇಪೆ ಹಾಕಿ, ಹೊರಗಂಡಿಗೆ 1 ಮಿಲಿಮೀಟರ್ ಜಾಳಿಗೆಯ ಚೌಕಟ್ಟು ಕೂರಿಸಿದರು. ಚೌಕಟ್ಟು ಗಂಡಿಯಷ್ಟೇ ಇದ್ದರೆ ಕಸ ಕಟ್ಟಿ ನೀರು ಏರಿ ಮೇಲಿನಿಂದ ಉಕ್ಕುತ್ತದೆ. ಗಂಡಿಯ ಆರು ಪಟ್ಟು ದೊಡ್ಡ ಪಂಜರದಂತೆ ಒಳಕ್ಕೆ ಚಾಚಿ ಕಟ್ಟಬೇಕು, ಮಳೆ ಬಂದಾಗ ಕಸ ತೆಗೆಯಬೇಕು. ನೀರಿನ ಪಿಎಚ್ 8.5ಕ್ಕೆ ಇಳಿದ ಮೇಲೆ ಡ್ರಿಪ್ ಚಾಲೂ.

ಪೈಪಿನ ಹತ್ತು ಕಟ್ಟು ಮತ್ತೆ ತಳಕ್ಕಿಳಿದವು, ಹೂಳುಗುಂಡಿಯಲ್ಲೂ ಎರಡು. ಎತ್ತುವ ದಿನ ಅಮಾವಾಸ್ಯೆ. ಅವತ್ತು ಎತ್ತು ಹೂಡುವುದಿಲ್ಲ, ಮನೆಮಂದಿ ಬಿಡುವಾಗಿರುತ್ತಾರೆ, ದಿನ ಮರೆಯುವುದೂ ಇಲ್ಲ. ಒಂದು ಮರಿ ಉಳಿದಿದ್ದರೂ ಐದಾರು ತಿಂಗಳಲ್ಲಿ ತಾಯಿಯಾಗಿ ಆ ಪೈಪಿನಲ್ಲಿ ಕಾಣಬೇಕು. ಹಾಗಾಗಿ ಒಂದು ವರ್ಷ ಖಾಲಿ ಬಂದರೆ ಸಾಲದು, ಎರಡು ಮಳೆಗಾಲ ದಾಟಬೇಕು. ವಹಿಯಲ್ಲಿ ‘ಇಲ್ಲ’ ಎಂದಷ್ಟೇ ಬರೆಯುವಂತಿಲ್ಲ. ಎಷ್ಟು ಕಟ್ಟು ಎತ್ತಿದೆವು, ಯಾವ ಬಾಯಿಯ ಪೈಪು, ಎಷ್ಟು ರಾತ್ರಿ ನೀರಲ್ಲಿತ್ತು, ಫಿಲ್ಟರಿನಲ್ಲಿ ಚಿಪ್ಪಿನ ಚೂರು ಬಂತೇ, ಇವು ಬೇಕು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಂದು ಪ್ರತಿ ಕೊಟ್ಟರು, ಜೊತೆಗೆ ಹಳ್ಳದ ಏಡಿಗಳ ಪಟ್ಟಿ: ಯಾವ ಕಲ್ಲಿನ ಹತ್ತಿರ, ಬೆನ್ನಚಿಪ್ಪಿನ ಅಗಲ ಎಷ್ಟು, ಮಡಿಲಲ್ಲಿ ಮರಿಯಿತ್ತೇ.

ಗಾಜಿನ ಪೆಟ್ಟಿಗೆ ಮನೆಯಲ್ಲಿ ಈಗಲೂ ಇದೆ, ಮೀನುಗಳಿವೆ. ಅದರ ನೀರನ್ನು ಬದಲಿಸಿದಾಗ ಅಂಗಳದ ಮಾವಿನ ಬುಡಕ್ಕೆ ಹೊಯ್ಯುತ್ತಾರೆ, ಮೋರಿಗಲ್ಲ.